ತೆರೆದ ಪುಸ್ತಕವೂ ಕಾನೂನಿನ ಪರೀಕ್ಷೆಯೂ

ಪರೀಕ್ಷಾಮಂದಿರಕ್ಕೆ ಪುಸ್ತಕವನ್ನು ಬಚ್ಚಿಟ್ಟುಕೊಂಡು ಹೋಗುವುದು ಕಳ್ಳತನವೆಂಬ ಭಾವನೆ ವಿದ್ಯಾವಂತರ ಮನೆಗಳಲ್ಲಿ ತಲೆತಲಾಂತರದಿಂದ ನೆಲೆಸಿರುವುದು. ಅಂಗಿಯ ತೋಳಿನಲ್ಲಿ ಚೀಟಿಯನ್ನು ಮಡಿಸಿಟ್ಟ ಹುಡುಗನು ಸಿಕ್ಕಿಬಿದ್ದರೆ, ಅವನಿಗೆ ಮಾತ್ರವಲ್ಲದೆ ಅವನ ತಂದೆತಾಯಿಗಳಿಗೂ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟವಾಗುತ್ತಿದ್ದಿತು. ಹೀಗಿರಲಾಗಿ, ಪುಸ್ತಕವನ್ನು ಎದುರಿಗೆ ತೆರೆದಿಟ್ಟುಕೊಂಡೇ ಉತ್ತರವನ್ನು ಬರೆಯಬಹುದೆಂದು ಪರೀಕ್ಷಾಧಿಕಾರಿಗಳೇ ಅಪ್ಪಣೆ ಕೊಟ್ಟಾಗ, ಹಿರಿಯರಾದವರು ‘ಹಾಗಾದರೆ ಪರೀಕ್ಷೆಯೇತಕ್ಕೆ?’ ಎಂದು ಕೇಳುವುದು ಸಹಜವೇ ಆಗಿದೆ.

ಈ ದೇಶದಲ್ಲಿ ಆ ಅಪ್ಪಣೆಯು ದೊಡ್ಡ ಪ್ರಮಾಣದಲ್ಲಿ ದೊರೆತುದು ವಕೀಲರಾಗತಕ್ಕವರಿಗೆ. ಭಾರತದ ಬಾರ್ ಕೌನ್ಸಿಲು 2010ರಲ್ಲಿ ನಿಶ್ಚಯಿಸಿ 2011ರ ಮಾರ್ಚಿ ತಿಂಗಳಲ್ಲಿ ಮೊದಲ ಬಾರಿಗೆ ನಡೆಯಿಸಿದ ಅಖಿಲ ಭಾರತ ವಕೀಲಿ ಪರೀಕ್ಷೆಗೆ ಅಭ್ಯರ್ಥಿಗಳು ಪುಸ್ತಕಗಳನ್ನು ತೆಗೆದುಕೊಂಡು ಹೋಗಬಹುದಾಗಿದ್ದಿತು. ನೂರು ಪ್ರಶ್ನೆಗಳು, ಪ್ರತಿಯೊಂದಕ್ಕೂ ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವುದಷ್ಟೆ ಕೆಲಸ. ಈ ಉದಾರತೆಯು ಹತ್ತು ವರ್ಷ ನಡೆಯಿತು. 2021ರಲ್ಲಿ ಕೌನ್ಸಿಲು ತನ್ನ ಮನಸ್ಸನ್ನು ಬದಲಾಯಿಸಿ, ಗೈಡುಗಳನ್ನೂ ವ್ಯಾಖ್ಯಾನಗಳನ್ನೂ ಹೊರಗಿರಿಸಿ, ಟಿಪ್ಪಣಿಯಿಲ್ಲದ ಕಾಯಿದೆಯ ಮೂಲಪಾಠವನ್ನು ಮಾತ್ರ, ಎಂದರೆ ವಕೀಲರು ಬೇರ್ ಆಕ್ಟ್ ಎಂದು ಕರೆಯುವುದನ್ನು ಮಾತ್ರ, ಒಳಕ್ಕೆ ಬಿಡತಕ್ಕದ್ದೆಂದು ವಿಧಿಸಿತು. ಪರೀಕ್ಷೆಯನ್ನು ನಡೆಯಿಸುವ ಅಧಿಕಾರವೇ ಕೌನ್ಸಿಲಿಗೆ ಉಂಟೆ ಇಲ್ಲವೆ ಎಂಬ ವಿವಾದವು 2023ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಉಂಟೆಂದೇ ತೀರ್ಮಾನವಾಯಿತು. ಆದರೆ ಪುಸ್ತಕವು ತೆರೆದಿರಬೇಕೆ ಮುಚ್ಚಿರಬೇಕೆ ಎಂಬುದು ನ್ಯಾಯಾಲಯವು ತೀರ್ಮಾನಿಸತಕ್ಕ ವಿಷಯವಲ್ಲ. ಅದನ್ನು ವಿದ್ಯೆಯ ಸ್ವರೂಪವನ್ನು ವಿಚಾರಿಸಿಯೇ ತಿಳಿಯಬೇಕು.

ಇದಕ್ಕಿಂತಲೂ ಕಠಿಣವಾದ ಪ್ರಸಂಗವು 2020ರಲ್ಲಿ ಒದಗಿತು. ಮಹಾಮಾರಿಯ ಕಾಲದಲ್ಲಿ ವಿದ್ಯಾಲಯಗಳ ಬಾಗಿಲು ಮುಚ್ಚಿರಲು, ದೆಹಲಿಯ ವಿಶ್ವವಿದ್ಯಾನಿಲಯವು ತನ್ನ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಆಗಸ್ಟ್ 10ರಿಂದ ಮನೆಯಲ್ಲಿಯೇ ಕುಳಿತು ಬರೆಯುವ ತೆರೆದ ಪುಸ್ತಕದ ಪರೀಕ್ಷೆಯನ್ನು ಏರ್ಪಡಿಸಿತು. ಮೇಲ್ವಿಚಾರಕನಿಲ್ಲ, ಮೇಜಿನ ಮೇಲೆ ಪುಸ್ತಕ, ಪಕ್ಕದಲ್ಲಿ ಅಂತರ್ಜಾಲ. ಒಂದು ಶತಮಾನದ ತೀರ್ಪುಗಳೆಲ್ಲವೂ ಬೆರಳಿನ ತುದಿಯಲ್ಲಿ. ಇಂತಹ ಸ್ಥಿತಿಯಲ್ಲಿ ಕಾನೂನಿನ ವಿದ್ಯಾರ್ಥಿಯೊಬ್ಬನು ಯಾವುದನ್ನು ನೋಡಬಹುದು, ಯಾವುದನ್ನು ನೋಡಬಾರದು? ನಿಯಮವು ಎಲ್ಲವನ್ನೂ ನೋಡಬಹುದೆಂದು ಹೇಳಿರುವಲ್ಲಿ ಅಪ್ರಾಮಾಣಿಕತೆ ಎಂಬುದೊಂದು ಉಳಿಯುವುದೆ?

ಪ್ರಾಚೀನರ ಪಕ್ಷವನ್ನು ಮೊದಲು ಕೇಳಬೇಕು. ಏತಕ್ಕೆಂದರೆ ಅದು ಸುಲಭವಾಗಿ ತಳ್ಳಿಹಾಕುವಂತಹುದಲ್ಲ. ಪುಸ್ತಕದಲ್ಲಿರುವ ವಿದ್ಯೆಯನ್ನು ನೀತಿಕಾರರು ಪರರ ಕೈಸೇರಿದ ಹಣಕ್ಕೆ ಹೋಲಿಸಿ ಹಳಿದಿರುವುದು ಎಲ್ಲರಿಗೂ ಗೊತ್ತು. ಮಿಥಿಲೆಯ ನ್ಯಾಯವಿದ್ಯಾಪೀಠಗಳಲ್ಲಿ ಶಲಾಕಾಪರೀಕ್ಷೆ ಎಂಬುದೊಂದು ಇದ್ದಿತು. ತಾಳೆಗರಿಯ ಗ್ರಂಥದ ಕಟ್ಟಿನ ಮೇಲೆ ಗುರುವು ಸೂಜಿಯಂತಹ ಶಲಾಕೆಯನ್ನು ಚುಚ್ಚುವನು; ಅದರ ಮೊನೆಯು ಯಾವ ಗರಿಯವರೆಗೆ ಇಳಿಯಿತೋ ಆ ಗರಿಯಲ್ಲಿರುವ ವಿಷಯವನ್ನು ಶಿಷ್ಯನು ವಿವರಿಸತಕ್ಕದ್ದು. ವಂಗದೇಶದಿಂದ ಹೋಗಿದ್ದ ವಾಸುದೇವ ಸಾರ್ವಭೌಮನು ಈ ಪರೀಕ್ಷೆಯಲ್ಲಿ ಉತ್ತೀರ್ಣನಾದನೆಂದೂ, ಗ್ರಂಥಗಳನ್ನು ಮಿಥಿಲೆಯಿಂದ ಹೊರಕ್ಕೆ ಕೊಂಡೊಯ್ಯಲು ಅಪ್ಪಣೆಯಿಲ್ಲದುದರಿಂದ ಅವುಗಳನ್ನು ಕಂಠಸ್ಥ ಮಾಡಿಕೊಂಡು ನವದ್ವೀಪಕ್ಕೆ ಹಿಂದಿರುಗಿದನೆಂದೂ ಐತಿಹ್ಯವುಂಟು. ಆ ಕಾಲದ ಪಂಡಿತನ ತಲೆಯೇ ಗ್ರಂಥಭಂಡಾರ. ಅದಕ್ಕೆ ಬೆಂಕಿಯ ಭಯವಿಲ್ಲ, ಗೆದ್ದಲಿನ ಭಯವಿಲ್ಲ.

ಆದರೆ ಶಲಾಕಾಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಗುರುವು ಗರಿಯಲ್ಲಿ ಏನು ಬರೆದಿದೆ ಎಂದು ಕೇಳಿ ಸುಮ್ಮನಾಗುತ್ತಿರಲಿಲ್ಲ. ಅದರ ಅರ್ಥವನ್ನು ಪ್ರತಿಪಾದಿಸೆಂದು ಕೇಳುತ್ತಿದ್ದನು. ಕಂಠಪಾಠವು ಅಲ್ಲಿ ಬಾಗಿಲು, ಒಳಮನೆ ಬೇರೆ. ಆ ಒಳಮನೆಯೇ ಕಾನೂನಿನ ಪರೀಕ್ಷೆಗೆ ಬೇಕಾದುದು. ಬಾಗಿಲಿನ ವಿಷಯದಲ್ಲಿಯಾದರೋ ಕಾನೂನು ಶಾಸ್ತ್ರಗ್ರಂಥಗಳಂತೆ ಸ್ಥಿರವಾದ ವಸ್ತುವಲ್ಲ. ನೂರ ಅರವತ್ತು ವರ್ಷಕ್ಕೂ ಮಿಕ್ಕು ಈ ದೇಶದಲ್ಲಿ ಕೊಲೆಗೆ ದಂಡವನ್ನು ಹೇಳುವ ಕಲಮು 302, ವಂಚನೆಗೆ 420 ಎಂದು ಬೀದಿಯ ಹುಡುಗರಿಗೂ ಗೊತ್ತಿದ್ದಿತು. 420 ಎಂಬ ಸಂಖ್ಯೆಯು ಬೈಗುಳವೇ ಆಗಿಹೋಗಿದ್ದಿತು. 2024ರ ಜುಲೈ 1ರಂದು 1860ರ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದು, ಕೊಲೆಯ ದಂಡವು 103ಕ್ಕೂ ವಂಚನೆಯು 318ಕ್ಕೂ ಸ್ಥಾನಾಂತರ ಹೊಂದಿದುವು. 511 ಕಲಮುಗಳಿದ್ದಲ್ಲಿ 358 ಉಳಿದುವು. ಹಳೆಯ ಸಂಖ್ಯೆಗಳನ್ನು ಬಾಯಿಪಾಠ ಮಾಡಿದ್ದವನ ಶ್ರಮವು ಒಂದು ರಾತ್ರಿಯಲ್ಲಿ ಹಳಸಿಹೋಯಿತು. ಯಾವ ಕೃತ್ಯವು ಕೊಲೆ, ಯಾವುದು ಕೊಲೆಯಲ್ಲದ ನರಹತ್ಯೆ ಎಂಬುದನ್ನು ವಿವೇಚಿಸಲು ಕಲಿತವನಿಗೆ ಮಾತ್ರ ನಷ್ಟವಾಗಲಿಲ್ಲ. ಅವನು ಹೊಸ ಪುಸ್ತಕವನ್ನು ತೆರೆದು ಸಂಖ್ಯೆಯನ್ನು ನೋಡಿಕೊಂಡನು. ಜ್ಞಾಪಕಶಕ್ತಿಯ ಮೇಲೆಯೇ ಭಾರ ಹಾಕಿ, ನೋಡದೆಯೆ ಕಲಮನ್ನು ಹೇಳುವ ವಕೀಲನನ್ನು ಜನರು ಮೆಚ್ಚಬಹುದು. ಅವನ ಕಕ್ಷಿಗಾರನು ಮೆಚ್ಚುವಂತಿಲ್ಲ. ವಕೀಲನಿಗೆ ನೋಡುವುದೇ ಧರ್ಮ. ಆದುದರಿಂದ ಅವನಾಗತಕ್ಕವನನ್ನು ನೋಡಲು ಬಿಟ್ಟು ಪರೀಕ್ಷಿಸುವುದರಲ್ಲಿ ಅನುಚಿತವೇನೂ ಇಲ್ಲ.

ನೋಡಬೇಕೆಂಬ ಹಟಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. 1783ರಲ್ಲಿ ಕಲ್ಕತ್ತೆಗೆ ನ್ಯಾಯಾಧೀಶನಾಗಿ ಬಂದ ಸರ್ ವಿಲಿಯಂ ಜೋನ್ಸನು ಹಿಂದೂಗಳ ವ್ಯಾಜ್ಯಗಳಲ್ಲಿ ಧರ್ಮಶಾಸ್ತ್ರವನ್ನು ಪಂಡಿತರ ಬಾಯಿಂದಲೇ ಕೇಳಬೇಕಾಗಿದ್ದಿತು. ಅವರು ಹೇಳಿದುದು ಗ್ರಂಥದಲ್ಲಿ ಇದೆಯೋ ಇಲ್ಲವೋ ತಿಳಿಯುವ ಉಪಾಯವಿಲ್ಲದೆ, 1785ರಲ್ಲಿ ಆತನು ತಾನೇ ಸಂಸ್ಕೃತವನ್ನು ಕಲಿಯಲಾರಂಭಿಸಿದನು. ಪಂಡಿತರ ಮೇಲೆ ಆತನಿಗಿದ್ದ ಸಂದೇಹವು ಎಲ್ಲ ಕಡೆಯೂ ನ್ಯಾಯವಾಗಿತ್ತೆಂದು ಒಪ್ಪಬೇಕಾದುದಿಲ್ಲ. ಮೂಲವನ್ನು ತನ್ನ ಕಣ್ಣಿನಿಂದ ಕಾಣದೆ ತೀರ್ಪು ಬರೆಯಲಾರೆನೆಂಬ ಸಂಕೋಚ ಮಾತ್ರ ಗೌರವಕ್ಕೆ ಯೋಗ್ಯವಾದುದು. ಮುಂದಿನ ಕಥೆಯು ಇನ್ನೂ ಬೋಧಪ್ರದ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯ ದಾಯಪ್ರಕರಣವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಿರುಗಿಸಿದನು. 1864ರಲ್ಲಿ ನ್ಯಾಯಾಲಯದ ಪಂಡಿತರ ಹುದ್ದೆಗಳು ರದ್ದಾದುವು. ಆ ಬಳಿಕ ನ್ಯಾಯಾಧೀಶರು ಕೋಲ್‌ಬ್ರೂಕನ ಇಂಗ್ಲಿಷನ್ನೇ ಮಿತಾಕ್ಷರೆಯೆಂದು ನಂಬಿ ತೀರ್ಪುಗಳನ್ನು ಬರೆಯುತ್ತಾ ಹೋದರು. ಒಬ್ಬರ ಬಾಯಿಯನ್ನು ನಂಬಲಾರದೆ ಹೊರಟ ಪ್ರಯತ್ನವು ಇನ್ನೊಬ್ಬರ ಲೇಖನಿಯನ್ನು ನಂಬುವಲ್ಲಿ ಬಂದು ನಿಂತಿತು!

ಇಂದಿನ ವಿದ್ಯಾರ್ಥಿಯ ಅಂತರ್ಜಾಲದಲ್ಲಿಯೂ ಇದೇ ಅಪಾಯ. ಅದನ್ನು ಒಂದು ಪ್ರಶ್ನೆಯ ಮೂಲಕ ನೋಡಬಹುದು.

ಪ್ರಶ್ನೆಪತ್ರಿಕೆಯಲ್ಲಿ ಹೀಗೆ ಕೇಳಿದೆಯೆಂದು ಭಾವಿಸೋಣ: ಧಾರವಾಡದ ಕಡೆಯ ಒಂದು ಅವಿಭಕ್ತ ಕುಟುಂಬ. ತಂದೆಯು 2001ರಲ್ಲಿ ತೀರಿಕೊಂಡನು. ತಾಯಿ ಮೊದಲೇ ಇಲ್ಲ. ಒಬ್ಬ ಮಗ, ಒಬ್ಬಳು ಮಗಳು. ತಂದೆಯೂ ಮಗನೂ 1998ರಲ್ಲಿ ಪಿತ್ರಾರ್ಜಿತ ಜಮೀನಿನ ಒಂದು ಭಾಗವನ್ನು ನೋಂದಾಯಿತ ಪತ್ರದ ಮೂಲಕ ಹಂಚಿಕೊಂಡಿದ್ದರು. ಉಳಿದುದು ಹಾಗೆಯೇ ಇದೆ. ಈಗ ಮಗಳು ಪಾಲನ್ನು ಕೇಳುತ್ತಾಳೆ. ಅವಳಿಗೆ ಏನು ದೊರೆಯತಕ್ಕದ್ದು?

ವಿದ್ಯಾರ್ಥಿಯು ‘ಮಗಳು, ಪಿತ್ರಾರ್ಜಿತ, ಪಾಲು’ ಎಂಬ ಮೂರು ಮಾತುಗಳನ್ನು ಹುಡುಕುವ ಯಂತ್ರಕ್ಕೆ ಕೊಟ್ಟೊಡನೆ ತೀರ್ಪುಗಳು ಸಾಲುಗಟ್ಟಿ ಬರುವುವು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಮಗಳನ್ನು ಮಗನಂತೆಯೇ ಹುಟ್ಟಿನಿಂದ ದಾಯಾದಳೆಂದು ಹೇಳಿತು. ಆ ದಿನ ತಂದೆಯು ಬದುಕಿರಬೇಕೆಂದು ಪ್ರಕಾಶ್ ವಿರುದ್ಧ ಫೂಲವತಿ ಮೊಕದ್ದಮೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ತೀರ್ಮಾನಿಸಿದರು. ದಾನಮ್ಮ ವಿರುದ್ಧ ಅಮರ್ ಮೊಕದ್ದಮೆಯಲ್ಲಿ 2018ರಲ್ಲಿ, ಅಷ್ಟೇ ಸಂಖ್ಯೆಯ ಇನ್ನೊಂದು ಪೀಠವು, ತಂದೆಯು 2001ರಲ್ಲಿಯೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲನ್ನು ಕೊಟ್ಟಿತು. ಎರಡೂ ಕರ್ನಾಟಕದಿಂದಲೇ ಹೋದ ವ್ಯಾಜ್ಯಗಳು. ಕೊನೆಗೆ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಮೂವರ ಪೀಠವು ತಂದೆಯು ಬದುಕಿರಬೇಕಾದುದಿಲ್ಲವೆಂದು ನಿರ್ಣಯಿಸಿ, ಫೂಲವತಿಯ ತೀರ್ಪನ್ನು ತಳ್ಳಿಹಾಕಿತು. ಈ ನಿರ್ಣಯದ ದಿನ 2020ರ ಆಗಸ್ಟ್ 11. ದೆಹಲಿಯಲ್ಲಿ ಮನೆಮನೆಯ ಪರೀಕ್ಷೆಯು ಆರಂಭವಾದುದು ಅದರ ಹಿಂದಿನ ದಿನ! ಆ ವಾರದಲ್ಲಿ ಎಲ್ಲಿಯಾದರೂ ಈ ಪ್ರಶ್ನೆಯನ್ನು ಕೇಳಿದ್ದರೆ, ಸೋಮವಾರದ ಸರಿಯುತ್ತರವು ಬುಧವಾರಕ್ಕೆ ತಪ್ಪುತ್ತರವಾಗುತ್ತಿದ್ದಿತು; ಅಚ್ಚಾದ ಪುಸ್ತಕವನ್ನು ನಂಬಿದವನು ಕೆಡುತ್ತಿದ್ದನು, ಅಂತರ್ಜಾಲವನ್ನು ನೋಡಿದವನು ಉಳಿಯುತ್ತಿದ್ದನು. ಪುಸ್ತಕವನ್ನು ಮುಚ್ಚಿಸಬೇಕೆನ್ನುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ‘ಮಗಳಿಗೆ ಸಮಪಾಲು’ ಎಂದು ಬರೆದವನು ಪ್ರಶ್ನೆಗೆ ಉತ್ತರ ಕೊಟ್ಟಂತಾಯಿತೆ? ಇಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆಗಿಹೋದ ವಿಭಾಗವನ್ನು ತಿದ್ದುಪಡಿಯು ಮುಟ್ಟುವುದಿಲ್ಲ. ಹಾಗಾದರೆ 1998ರ ಹಂಚಿಕೆಯು ಗಟ್ಟಿಯೆ? ಇಲ್ಲಿಯೇ ತಡೆದು ನಿಲ್ಲಬೇಕು. ಕರ್ನಾಟಕವು ತನ್ನದೇ ಒಂದು ತಿದ್ದುಪಡಿಯನ್ನು 1994ರ ಜುಲೈ 30ರಿಂದಲೇ ಜಾರಿಗೆ ತಂದು, ಅದಕ್ಕೆ ಮುಂಚೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ದಾಯಾದತ್ವವನ್ನು ಕೊಟ್ಟಿದ್ದಿತು. ಆದುದರಿಂದ ಆ ಮಗಳಿಗೆ ಯಾವ ವರ್ಷದಲ್ಲಿ ಮದುವೆಯಾಯಿತು ಎಂಬುದನ್ನು ಕೇಳದೆ 1998ರ ಪತ್ರದ ಬಲವನ್ನು ಹೇಳಲಾಗುವುದಿಲ್ಲ. ಪತ್ರವು ಗಟ್ಟಿಯೆಂದೇ ಇಟ್ಟುಕೊಂಡರೂ, ಅದರಲ್ಲಿ ತಂದೆಯ ಪಾಲಿಗೆ ಬಂದ ಭೂಮಿಯಲ್ಲಿ ಅವನ ಮರಣಾನಂತರ ಉತ್ತರಾಧಿಕಾರದಿಂದ ಅವಳಿಗೆ ಏನು ಬರುತ್ತದೆ, ಅವನು ಉಯಿಲು ಬರೆದಿದ್ದನೆ ಎಂಬುವು ಬೇರೆ ಪ್ರಶ್ನೆಗಳು. ಪ್ರಶ್ನೆಪತ್ರಿಕೆಯು ಮದುವೆಯ ವರ್ಷವನ್ನು ಹೇಳಿಲ್ಲ. ಹೇಳಿಲ್ಲವೆಂಬುದನ್ನು ಕಂಡುಹಿಡಿಯುವುದೇ ಪರೀಕ್ಷೆ. ಅಂತರ್ಜಾಲವು ಇರುವುದನ್ನು ತಂದುಕೊಡುತ್ತದೆ; ಇಲ್ಲದುದನ್ನು ಕೇಳಬೇಕೆಂಬ ಬುದ್ಧಿಯನ್ನು ತಂದುಕೊಡುವುದು ಅದರ ಅಳವಲ್ಲ.

ಮೀಮಾಂಸಕರು ಒಂದೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ ಮೊದಲಾದ ಅಂಗಗಳನ್ನು ಹೇಳುತ್ತಾರೆ. ವಿಷಯಕ್ಕೂ ನಿರ್ಣಯಕ್ಕೂ ನಡುವೆ ಸಂಶಯವನ್ನು ಒಂದು ಅಂಗವೆಂದೇ ಎಣಿಸಿರುವುದು ಅವರ ಹಿರಿಮೆ. ಪ್ರಮಾಣವಾಕ್ಯಗಳನ್ನು ಗ್ರಂಥದಿಂದ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು. ಸಂಶಯವು ಮಾತ್ರ ವಿಚಾರಿಸುವವನ ಮನಸ್ಸಿನಲ್ಲಿಯೇ ಹುಟ್ಟಬೇಕು. ಸ್ಮೃತಿಗಳು ಒಂದಕ್ಕೊಂದು ವಿರೋಧಿಸಿದಾಗ ನ್ಯಾಯವೇ ಬಲವತ್ತರವೆಂದು ಯಾಜ್ಞವಲ್ಕ್ಯನು ಹೇಳಿದುದರ ಹುರುಳೂ ಇದೇ. ಫೂಲವತಿಯ ತೀರ್ಪೂ ದಾನಮ್ಮನ ತೀರ್ಪೂ ಎದುರುಬದುರಾಗಿ ನಿಂತಿದ್ದ ಎರಡೂವರೆ ವರ್ಷಗಳಲ್ಲಿ, ಹುಡುಕುವ ಯಂತ್ರವು ಎರಡನ್ನೂ ತಂದು ಮುಂದಿರಿಸುತ್ತಿದ್ದಿತೇ ಹೊರತು, ಯಾವುದನ್ನು ಅನುಸರಿಸತಕ್ಕದ್ದೆಂಬ ಹೊರೆಯನ್ನು ಇಳಿಸುತ್ತಿರಲಿಲ್ಲ.

ಇನ್ನು ಓದುವ ವಿಷಯ. ಒಂದೊಂದು ತೀರ್ಪಿಗೂ ಮೇಲುಗಡೆ ಸಂಗ್ರಹವಾಗಿ ಅಚ್ಚುಮಾಡುವ ಹೆಡ್‌ನೋಟು ಎಂಬುದೊಂದು ಉಂಟಷ್ಟೆ. ನೂರು ಪುಟದ ತೀರ್ಪಿನ ಸಾರವು ಅಲ್ಲಿ ಹತ್ತು ಸಾಲಿನಲ್ಲಿ ದೊರೆಯುತ್ತದೆ. ಪರೀಕ್ಷೆಯ ಗಡಿಯಾರವು ಓಡುತ್ತಿರುವಾಗ ಯಾರು ನೂರು ಪುಟವನ್ನು ಓದುವರು? ಈ ಸೌಕರ್ಯದ ಮೋಸವನ್ನು ಅಮೆರಿಕದ ಸುಪ್ರೀಂ ಕೋರ್ಟು 1906ರಲ್ಲಿಯೇ ಡೆಟ್ರಾಯಿಟ್ ಟಿಂಬರ್ ಕಂಪೆನಿಯ ಮೊಕದ್ದಮೆಯಲ್ಲಿ ತೋರಿಸಿಕೊಟ್ಟಿತು. ಹಿಂದಿನ ಒಂದು ತೀರ್ಪಿನ ಹೆಡ್‌ನೋಟನ್ನು ಆಧಾರವಾಗಿಟ್ಟುಕೊಂಡು ವಾದಿಸಲು ಬಂದಾಗ, ಹೆಡ್‌ನೋಟು ನ್ಯಾಯಾಲಯದ ಕೃತಿಯಲ್ಲವೆಂದೂ, ಆ ಹೆಡ್‌ನೋಟು ತೀರ್ಪಿನ ವ್ಯಾಪ್ತಿಯನ್ನೇ ತಪ್ಪಾಗಿ ತಿಳಿದಿದೆಯೆಂದೂ ನ್ಯಾಯಮೂರ್ತಿಗಳು ಸ್ಪಷ್ಟಪಡಿಸಿದರು. ಅಂದಿನಿಂದ ಆ ನ್ಯಾಯಾಲಯದ ತೀರ್ಪುಗಳ ಸಂಗ್ರಹಕ್ಕೆ ಈ ಎಚ್ಚರಿಕೆಯನ್ನು ಸೇರಿಸುವ ರೂಢಿ ಬೆಳೆದಿದೆ. ಓದುವವರು ಎಚ್ಚರಿಕೆಯನ್ನು ದಾಟಿ ಸಂಗ್ರಹಕ್ಕೇ ಹೋಗುತ್ತಾರೆಂಬುದು ಬೇರೆ ಮಾತು.

ಹೆಡ್‌ನೋಟನ್ನು ಬರೆದವನು ಒಬ್ಬ ಮನುಷ್ಯನಾದರೂ ತೀರ್ಪನ್ನು ಓದಿ ಬರೆದಿರುತ್ತಾನೆ. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಅದನ್ನೂ ಮೀರಿ, ಇಲ್ಲದ ತೀರ್ಪನ್ನು ಇರುವಂತೆ ಪಕ್ಷಗಾರರ ಹೆಸರು, ವರ್ಷ, ಪುಟಸಂಖ್ಯೆ ಸಹಿತವಾಗಿ ಹೇಳಬಲ್ಲುವು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಇಂತಹ ಕಲ್ಪಿತ ತೀರ್ಪುಗಳನ್ನು ಉದಾಹರಿಸಿದ ವಕೀಲರಿಗೆ 5000 ಡಾಲರ್ ದಂಡವನ್ನು ವಿಧಿಸಿತು. ದೂರದ ಮಾತೆನ್ನುವಂತಿಲ್ಲ. 2025ರ ಮಾರ್ಚಿ ತಿಂಗಳಲ್ಲಿ ಕರ್ನಾಟಕದ ಹೈಕೋರ್ಟು ಕೆಳಗಿನ ನ್ಯಾಯಾಲಯದ ಆಜ್ಞೆಯೊಂದರಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳು ಉದಾಹೃತವಾಗಿರುವುದನ್ನು ಕಂಡು ವಿಚಾರಣೆಗೆ ಹೇಳಿತು. ಮೂಲವನ್ನು ತೆರೆದು ನೋಡುವ ಅಭ್ಯಾಸವನ್ನು ವಿದ್ಯಾರ್ಥಿದೆಸೆಯಲ್ಲಿ ಮಾಡಿಕೊಳ್ಳದವನು ನ್ಯಾಯಪೀಠದ ಮೇಲೆ ಕುಳಿತ ಮಾತ್ರಕ್ಕೆ ಮಾಡಿಕೊಳ್ಳುವನೆ?

ಇಲ್ಲಿ ಮೊದಲಿನ ಪ್ರಶ್ನೆಗೆ ಹಿಂದಿರುಗಬೇಕು. ನಿಯಮವು ಎಲ್ಲವನ್ನೂ ಬಿಟ್ಟುಕೊಟ್ಟಿದೆ. ಆದುದರಿಂದ ಇನ್ನೊಬ್ಬನು ಎಂದೋ ಸಿದ್ಧಪಡಿಸಿಟ್ಟ ಉತ್ತರವನ್ನು ಹುಡುಕಿ ತೆಗೆದು ಬರೆದರೆ ದೋಷವೇನು ಎಂದು ಕೇಳುವವರು ಚತುರರು. ಅವರನ್ನು ನಿಯಮದಿಂದ ಹಿಡಿಯಲಾಗುವುದಿಲ್ಲ. ಆದರೆ ಉತ್ತರಪತ್ರಿಕೆಯು ಒಂದು ಬಗೆಯ ಸಾಕ್ಷ್ಯ. ‘ಈ ಸಂಗತಿಗಳನ್ನು ನೋಡಿದೆನು, ಈ ಪ್ರಮಾಣಗಳನ್ನು ಓದಿದೆನು, ಆದುದರಿಂದ ಹೀಗೆ ತೀರ್ಮಾನಿಸಿದೆನು’ ಎಂದು ಅಭ್ಯರ್ಥಿಯು ಬಾಯಿಬಿಟ್ಟು ಹೇಳದಿದ್ದರೂ ಅವನ ಬರವಣಿಗೆಯು ಹೇಳುತ್ತದೆ. ನೋಡಲು ದೊರೆತ ಅಪ್ಪಣೆಯು ಕಣ್ಣಿಗೆ ದೊರೆತ ಅಪ್ಪಣೆ. ಓದದೆ ಓದಿದೆನೆನ್ನಲು, ತೀರ್ಮಾನಿಸದೆ ತೀರ್ಮಾನಿಸಿದೆನೆನ್ನಲು ಯಾವ ಪರೀಕ್ಷಾಧಿಕಾರಿಯೂ ಅಪ್ಪಣೆ ಕೊಟ್ಟಿಲ್ಲ, ಕೊಡಲಾರನು. ತೀರ್ಪನ್ನು ಅಂತರ್ಜಾಲದಲ್ಲಿ ಹುಡುಕಿ ಓದಿದವನು ನಿರ್ದೋಷಿ. ಗೆಳೆಯನಿಗೆ ಟೆಲಿಫೋನು ಮಾಡಿ ‘ನಿನಗೆ ಏನು ಬಂತು?’ ಎಂದು ಕೇಳಿದವನು, ನಿಯಮದಲ್ಲಿ ಟೆಲಿಫೋನಿನ ಹೆಸರಿಲ್ಲದಿದ್ದರೂ, ಸದೋಷಿ. ಮೊದಲಿನವನು ಪ್ರಮಾಣವನ್ನು ಪಡೆದನು. ಎರಡನೆಯವನು ನಿರ್ಣಯವನ್ನು ಕದ್ದನು. ಇವೆರಡರ ನಡುವೆ ಗೈಡು, ಟಿಪ್ಪಣಿ, ವ್ಯಾಖ್ಯಾನ, ಸಂಗ್ರಹ ಇವು ಬಗೆಬಗೆಯಾಗಿ ನಿಂತಿವೆ. ವ್ಯಾಖ್ಯಾನವನ್ನೆಲ್ಲ ತೊರೆಯಬೇಕೆಂದರೆ ವಿಜ್ಞಾನೇಶ್ವರನನ್ನೇ ತೊರೆಯಬೇಕಾದೀತು! ವ್ಯಾಖ್ಯಾನವನ್ನು ಕಂಡು ಮೂಲಕ್ಕೆ ಹೋಗುವುದು ಒಂದು, ವ್ಯಾಖ್ಯಾನದಲ್ಲಿಯೇ ತಂಗುವುದು ಇನ್ನೊಂದು. ಎಲ್ಲಿ ತಂಗಿದನೆಂಬುದು ಅವನಿಗೊಬ್ಬನಿಗೇ ಗೊತ್ತು. ಈ ಪರೀಕ್ಷೆಯ ಕಷ್ಟವೆಲ್ಲ ಅದೇ.

ಸಮತ್ವದ ಪ್ರಶ್ನೆಯೂ ಒಂದುಂಟು. ಅದನ್ನು ಹಗುರವಾಗಿ ಕಾಣಬಾರದು. ನಾಗಪುರದಲ್ಲಿ 1914ರಲ್ಲಿ ಆರಂಭವಾದ ಆಲ್ ಇಂಡಿಯಾ ರಿಪೋರ್ಟರಿನ ಸಂಪುಟಗಳು ಎಷ್ಟು ಬೀರುಗಳನ್ನು ತುಂಬಿವೆ ಎಂಬುದರ ಮೇಲೆಯೇ ಹಿಂದೆ ವಕೀಲನ ಅಂತಸ್ತನ್ನು ಅಳೆಯುತ್ತಿದ್ದರು. ಬಡವನಿಗೆ ಅವು ನಿಲುಕದವು. 2008ರಲ್ಲಿ ಇಂಡಿಯನ್ ಕಾನೂನ್ ಎಂಬ ಉಚಿತ ಭಂಡಾರವು ತೆರೆದ ಮೇಲೂ, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತನ್ನ ವರದಿಗಳನ್ನು ಯಾರು ಬೇಕಾದರೂ ಹಣವಿಲ್ಲದೆ ಓದುವಂತೆ ಅಂತರ್ಜಾಲದಲ್ಲಿ ಇರಿಸಿದ ಮೇಲೂ ಆ ಅಂತರವು ತಗ್ಗಿರುವುದು ನಿಜ. ತಗ್ಗಿದೆ, ಹೋಗಿಲ್ಲ. ಸಂಪರ್ಕವೇ ಸರಿಯಾಗಿಲ್ಲದ ಹಳ್ಳಿಯ ಹುಡುಗಿಗೆ ತೆರೆದ ಪುಸ್ತಕವೂ ಮುಚ್ಚಿದಂತೆಯೇ. 2020ರಲ್ಲಿ ವಿದ್ಯಾರ್ಥಿಗಳು ದೆಹಲಿಯ ಹೈಕೋರ್ಟಿನವರೆಗೆ ಹೋಗಿ ವಾದಿಸಿದುದರಲ್ಲಿ ಈ ದುಃಖವೂ ಸೇರಿದ್ದಿತು. ಅಮೆರಿಕದ ವಕೀಲಿ ಪರೀಕ್ಷೆಗಳಲ್ಲಿ 1997ರಿಂದ ನಡೆದುಬಂದಿರುವ ಒಂದು ಉಪಾಯವು ಇದಕ್ಕೆ ತಕ್ಕಮಟ್ಟಿಗೆ ಪರಿಹಾರ: ಮೊಕದ್ದಮೆಯ ಕಾಗದಪತ್ರಗಳನ್ನೂ, ಬೇಕಾದ ಕಾಯಿದೆ ತೀರ್ಪುಗಳನ್ನೂ ಒಂದು ಚಿಕ್ಕ ಕಟ್ಟಾಗಿ ಎಲ್ಲರಿಗೂ ಸಮನಾಗಿ ಕೊಟ್ಟು, ಇದರಿಂದಲೇ ವಕೀಲನ ಕೆಲಸವನ್ನು ಮಾಡಿ ತೋರಿಸಿರೆಂದು ಕೇಳುತ್ತಾರೆ. ಬೇರ್ ಆಕ್ಟನ್ನು ಮಾತ್ರ ಒಳಬಿಟ್ಟು, ನೂರು ಪ್ರಶ್ನೆಗೆ ಗುರುತು ಹಾಕಿಸುವುದಕ್ಕಿಂತ ಇದು ಮೇಲೆಂದೇ ಹೇಳಬೇಕು. ಉತ್ತರಗಳನ್ನು ತಿದ್ದುವ ಶ್ರಮ ಹೆಚ್ಚುವುದು. ಆ ಶ್ರಮಕ್ಕೆ ಹೆದರಿಯೇ ಅನೇಕ ಒಳ್ಳೆಯ ಪದ್ಧತಿಗಳು ಬಿಟ್ಟುಹೋಗಿವೆ.

ಧರ್ಮನಿಬಂಧಗಳನ್ನು ಬರೆದ ಹಿಂದಿನವರು ಒಂದು ಸ್ಮೃತಿವಾಕ್ಯವನ್ನು ಮಿತಾಕ್ಷರೆಯಿಂದಲೋ ಬೇರೊಂದು ಗ್ರಂಥದಿಂದಲೋ ತೆಗೆದುಕೊಂಡಾಗ, ಅದು ಇಂತಹ ಗ್ರಂಥದಲ್ಲಿ ಉದಾಹೃತವಾದುದೆಂದು ಹೇಳುವುದುಂಟು. ಕಾನೂನಿನ ವಿದ್ಯಾರ್ಥಿಗಳು ಇದನ್ನು ಅನುಸರಿಸಿದರೆ ಯಾರಿಗೂ ನಷ್ಟವಿಲ್ಲ. ಮೇಲಿನ ಪ್ರಶ್ನೆಗೆ ಇಬ್ಬರು ಉತ್ತರ ಬರೆದಿದ್ದಾರೆಂದು ಎಣಿಸಿದರೆ, ಇಬ್ಬರದೂ ನಿರ್ಣಯವು ಒಂದೇ, ಮದುವೆಯ ವರ್ಷವನ್ನು ಇಬ್ಬರೂ ಕೇಳಿದ್ದಾರೆ. ಒಬ್ಬನು ನಾಲ್ಕು ತೀರ್ಪುಗಳ ಹೆಸರನ್ನು ಒಂದೇ ಧೈರ್ಯದಿಂದ ಬರೆದಿದ್ದಾನೆ. ಇನ್ನೊಬ್ಬಳು ಮೂರನ್ನು ಬರೆದು, ಮೂರನೆಯದರ ಕೆಳಗೆ ‘ಇದರ ಹೆಡ್‌ನೋಟನ್ನು ಮಾತ್ರ ನೋಡಲು ಸಮಯ ದೊರೆಯಿತು’ ಎಂದು ಸೇರಿಸಿದ್ದಾಳೆ. ಅಂಕಗಳನ್ನು ಹಂಚಲು ಪರೀಕ್ಷಕನಿಗೆ ಕೊಟ್ಟಿರುವ ಪಟ್ಟಿಯಲ್ಲಿ ಆ ಒಂದು ಸಾಲಿಗೆ ಸ್ಥಳವಿಲ್ಲ. ಅವನು ಕೆಂಪು ಲೇಖನಿಯನ್ನು ಹಿಡಿದು ಆ ಸಾಲಿನ ಎದುರಿಗೆ ಏನು ಬರೆಯಬೇಕೆಂದು ಯೋಚಿಸುತ್ತಾ ಕುಳಿತಿರುವನು.